ಹಿತ್ತಲ ಹಂದರ ಮತ್ತು ಗೃಹಸ್ಥನ ಅಹಿಂಸೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಬಿಸಿಲನ್ನು ಬಲ್ಲವರಿಗೆ ನೆರಳಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವೈಶಾಖದಲ್ಲಿ ಕಾದ ಬಂಡೆಗಳ ಬೇಗೆ ರಾತ್ರಿಯಾದರೂ ಆರುವುದಿಲ್ಲ. ಕವಿರಾಜಮಾರ್ಗವು ಕನ್ನಡದ ತಿರುಳಿನ ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ಕೊಪಣನಗರ ಇದೇ. ಜೈನ ಶಾಸನಗಳು ಮಹಾತೀರ್ಥವೆಂದು ಕೊಂಡಾಡಿದ ನೆಲವೂ ಇದೇ. ಸಲ್ಲೇಖನ ವ್ರತವನ್ನು ಕೈಕೊಂಡ ತಪಸ್ವಿಗಳು ನೆರಳನ್ನು ಅರಸದೆ ಈ ಬೆಟ್ಟಗಳನ್ನೇರಿದರು. ಆದರೆ ಗೃಹಸ್ಥನ ಮಾರ್ಗ ಬೇರೆ. ಅವನಿಗೆ ಮನೆ ಬೇಕು, ಮನೆಗೆ ನೆರಳು ಬೇಕು, ಮನೆಯಲ್ಲಿರುವ ವೃದ್ಧರಿಗೆ ಗಾಳಿ ಬರುವ ಒಂದು ತಾಣ ಬೇಕು.

ಗಂಗಾವತಿಯ ಬಳಿಯ ಶ್ರೀರಾಮನಗರ ಈ ಸೀಮೆಯ ಇನ್ನೊಂದು ಮುಖ. 1953ರಲ್ಲಿ ತುಂಗಭದ್ರೆಯ ನೀರು ನಾಲೆಗಳಲ್ಲಿ ಹರಿಯತೊಡಗಿದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ದೂರದಿಂದ ಜನ ಬಂದು ನೆಲೆಸಿದರು. ಅಕ್ಕಿ ಗಿರಣಿಗಳೂ ಸಿಮೆಂಟಿನ ಮನೆಗಳೂ ಎದ್ದವು. ಇಂಥ ಊರೊಂದರಲ್ಲಿ ಒಂದು ಶ್ರಾವಕ ಕುಟುಂಬವಿದೆಯೆಂದು ಭಾವಿಸಬಹುದು. ಮನೆಯ ಹಿಂದೆ ಶಹಾಬಾದಿ ಫರಸಿ ಹಾಸಿದ ಕಟ್ಟೆ. ಕಟ್ಟೆಯ ಅಂಚಿನಲ್ಲಿ ಒಂದು ಬೇವಿನ ಮರ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಪರದೇಶದ ಮನೆಗಳ ಚಿತ್ರಗಳಲ್ಲಿ ನೋಡಿದ ಮರದ ಹಂದರವೊಂದನ್ನು ಆ ಕಟ್ಟೆಯ ಮೇಲೆ ನಿಲ್ಲಿಸಬೇಕೆಂದು ಬಯಸುತ್ತಾನೆ. ನಾಲ್ಕು ಕಂಬ, ಎರಡು ತೊಲೆ, ಮೇಲೆ ಸಾಲಾಗಿ ತೆರಪು ಬಿಟ್ಟು ಜೋಡಿಸಿದ ಪಟ್ಟಿಗಳು. ಉದ್ದೇಶವೂ ಒಳ್ಳೆಯದೇ: ಮೊಣಕಾಲು ನೋವಿನಿಂದ ಮಾಳಿಗೆ ಹತ್ತಲಾರದ ಅಜ್ಜಿ ಅಲ್ಲಿ ಕುಳಿತು ಸಾಮಾಯಿಕ ಮಾಡಲಿ ಎಂಬುದು. ಬಡಿಗೇರರು ಬಂದು ಅಳತೆ ಹಿಡಿದು, ಬೇವಿನ ಮರವನ್ನು ತೆಗೆಯದಿದ್ದರೆ ಒಂದು ಕಂಬಕ್ಕೆ ಜಾಗವಿಲ್ಲವೆಂದು ತಿಳಿಸುತ್ತಾರೆ. ಆಗ ಅಜ್ಜಿಯ ಬಾಯಿಂದ ಬರುವ ಮಾತು ಒಂದೇ: “ನೆರಳಿಗಂತ ನೆರಳಿನ ಗಿಡಾನ ಕಡೀತೀರೇನಪ್ಪಾ?”

ಈ ಮಾತನ್ನು ಕೇಳಿ ನಗುವವರಿದ್ದಾರೆ. ಇದು ಮುದುಕಿಯ ಮಮತೆಯೇ ಹೊರತು ಧರ್ಮವಿಚಾರವಲ್ಲವೆನ್ನುವವರೂ ಇದ್ದಾರೆ. ಆದರೆ ಶ್ರಾವಕಾಚಾರವನ್ನು ಬಲ್ಲವರು ಇದನ್ನು ಹಗುರವಾಗಿ ತಳ್ಳಿಹಾಕಲಾರರು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ವಿವರಿಸುತ್ತ ಪ್ರಮಾದಚರ್ಯೆಯ ಅಡಿಯಲ್ಲಿ ನಿಷ್ಫಲವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಾಳಿಯನ್ನು ಕದಡುವುದು ಇವುಗಳೊಂದಿಗೆ ವನಸ್ಪತಿ ಛೇದನವನ್ನೂ ಸೇರಿಸಿದ್ದಾರೆ. ಇಲ್ಲಿ ಗಮನಿಸಬೇಕಾದ ಪದ ‘ನಿಷ್ಫಲ’ ಎಂಬುದು. ಮರವನ್ನು ಕಡಿಯಲೇಬಾರದೆಂಬ ವಿಧಿ ಮುನಿಗಳಿಗೆ. ಗೃಹಸ್ಥನಿಗೆ ಶಾಸ್ತ್ರವು ಹಾಕುವ ಪ್ರಶ್ನೆ, ಈ ಕಡಿತದಿಂದ ಫಲವೇನು ಎಂಬುದು. ಹಾಗಾದರೆ ಹಂದರದ ಫಲವೇನೆಂಬುದನ್ನು ಭಾವುಕತೆಯಿಲ್ಲದೆ ಲೆಕ್ಕಹಾಕಿಯೇ ನೋಡಬೇಕಾಗುತ್ತದೆ.

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಹಂದರವನ್ನು ತೆಗೆದುಕೊಳ್ಳೋಣ. ನಾಲ್ಕು ಅಂಗುಲ ಚೌಕದ, ಒಂಬತ್ತು ಅಡಿಯ ಕಂಬಗಳು ನಾಲ್ಕು. ಎರಡು ಅಂಗುಲ ದಪ್ಪ, ಆರು ಅಂಗುಲ ಎತ್ತರದ ತೊಲೆಗಳು ಎರಡು. ಎರಡು ಅಂಗುಲ ದಪ್ಪ, ನಾಲ್ಕು ಅಂಗುಲ ಎತ್ತರದ ಮೇಲ್ಪಟ್ಟಿಗಳು ಒಂಬತ್ತು. ಎಲ್ಲ ಸೇರಿ ಸುಮಾರು 11 ಘನ ಅಡಿ ಕೊಯ್ದ ಮರ. ದಿಮ್ಮಿಯನ್ನು ಕೊಯ್ಯುವಾಗ ಅರ್ಧಕ್ಕೆ ಹತ್ತಿರದಷ್ಟು ಸಿಪ್ಪೆ, ಹೊಟ್ಟು, ವಕ್ರಭಾಗಗಳಲ್ಲಿ ಹೋಗುವುದಾದ್ದರಿಂದ ಒಂದೂವರೆ ಅಡಿ ವ್ಯಾಸದ ಹನ್ನೆರಡು ಅಡಿಯ ಒಂದು ದಿಮ್ಮಿಯೇ ಬೇಕಾಗುತ್ತದೆ. ಸಾಗುವಾನಿ ಅಷ್ಟು ಬೆಳೆಯಲು ಹಲವು ದಶಕಗಳು ಹಿಡಿಯುತ್ತವೆ. ಅಂದರೆ ಹಿತ್ತಲಿನ ಬೇವಲ್ಲದೆ ಕಣ್ಣಿಗೆ ಕಾಣದ ಇನ್ನೊಂದು ಮರವೂ ಈ ಲೆಕ್ಕದಲ್ಲಿ ಸೇರಿದೆ.

ಇನ್ನು ನೆರಳಿನ ಲೆಕ್ಕ. ಹನ್ನೆರಡು ಅಡಿಯೆಂದರೆ 144 ಅಂಗುಲ. ಅದರ ಮೇಲೆ ಎರಡೆರಡು ಅಂಗುಲದ ಒಂಬತ್ತು ಪಟ್ಟಿಗಳು ಮುಚ್ಚುವುದು 18 ಅಂಗುಲವನ್ನು ಮಾತ್ರ, ಎಂದರೆ ಎಂಟರಲ್ಲಿ ಒಂದು ಪಾಲು. ಶೀತದೇಶಗಳಲ್ಲಿ ಸೂರ್ಯ ನಡುನೆತ್ತಿಗೆ ಬರುವುದೇ ಇಲ್ಲ. ಓರೆಯಾಗಿ ಬೀಳುವ ಬಿಸಿಲಿಗೆ ಪಟ್ಟಿಗಳ ಎತ್ತರವೂ ಸ್ವಲ್ಪ ಅಡ್ಡವಾಗುತ್ತದೆ. ಅಲ್ಲಿಯವರಿಗೆ ಬಿಸಿಲೂ ಬೇಕು. ಗಂಗಾವತಿಯ ಅಕ್ಷಾಂಶ ಸುಮಾರು ಹದಿನೈದೂವರೆ ಡಿಗ್ರಿ. ಮೇ ತಿಂಗಳ ಮೊದಲಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದ ಸುಮಾರಿಗೆ, ವರ್ಷಕ್ಕೆ ಎರಡು ಸಲ, ಇಲ್ಲಿ ಸೂರ್ಯ ಮಧ್ಯಾಹ್ನ ನೇರವಾಗಿ ತಲೆಯ ಮೇಲೆ ನಿಲ್ಲುತ್ತಾನೆ. ನೆರಳು ಅತ್ಯಂತ ಅಗತ್ಯವಾದ ಆ ವೈಶಾಖದ ನಡುಹಗಲಲ್ಲಿ ಈ ಹಂದರ ಎಂಟರಲ್ಲಿ ಏಳು ಪಾಲು ಬಿಸಿಲನ್ನು ಕೆಳಗೆ ಬಿಡುತ್ತದೆ. ಅಜ್ಜಿ ಅಲ್ಲಿ ಕುಳಿತರೆ ಸಾಮಾಯಿಕವಲ್ಲ, ಆತಾಪನಯೋಗವಾದೀತು! ಬೇವಿನ ಮರವಾದರೋ ಅದೇ ವೇಳೆಗೆ ಹೊಸ ಚಿಗುರೊಡೆದು ತುಂಬಿಕೊಂಡಿರುತ್ತದೆ.

ಹೀಗೆ ಅಜ್ಜಿಯ ಪ್ರಶ್ನೆ ಸಮಂತಭದ್ರರ ಪ್ರಶ್ನೆಯೇ ಆಗಿತ್ತೆಂಬುದು ಕಾಣುತ್ತದೆ. ನೆರಳಿಗಾಗಿ ಎಂದು ಮಾಡಿದ ಆರಂಭವು ನೆರಳನ್ನು ಕೊಡದಿದ್ದರೆ ಅದಕ್ಕೆ ಉಳಿಯುವ ಪ್ರಯೋಜನ ನೋಟ ಮಾತ್ರ. ನೋಟಕ್ಕಾಗಿ ಮರ ಕಡಿದರೆ ಅದನ್ನು ಯಾವ ವ್ರತದ ಒಳಗೆ ಕೂಡಿಸಬೇಕು?

ಆದರೂ ಹಂದರವೇ ಅಧರ್ಮವೆಂದು ಹೇಳಿದರೆ ಅದು ದುಡುಕಾದೀತು. ಈ ನಾಡಿನ ಹಂದರ ಬರಿಯ ಪಟ್ಟಿಗಳದ್ದಲ್ಲ. ಮದುವೆಯ ಹಂದರಕ್ಕೆ ಗರಿ ಹೊದಿಸುತ್ತಾರೆ. ಹಿತ್ತಲ ಹಂದರಕ್ಕೆ ಹೀರೆ, ತೊಂಡೆ, ಅವರೆ, ಮಲ್ಲಿಗೆಯ ಬಳ್ಳಿ ಹಬ್ಬಿಸುತ್ತಾರೆ. ಮರ ಬಳ್ಳಿಗೆ ಆಸರೆ, ನೆರಳು ಬಳ್ಳಿಯದು. ಅಂಥ ಹಂದರಕ್ಕೆ ಅಷ್ಟು ದಪ್ಪದ ಮರವೂ ಬೇಡ; ಫಲವೂ ಇದೆ. ಪೂರ್ವಿಕರೂ ಮರವನ್ನು ತೊರೆದವರಲ್ಲ. ಮೂಡುಬಿದಿರೆಯಲ್ಲಿ ಜೈನ ಅರಸರಾದ ಚೌಟರ ಅರಮನೆಯ ಮರದ ಕಂಬಗಳಲ್ಲಿ ಕೆತ್ತಿದ ನವನಾರೀ ಕುಂಜರ, ಪಂಚನಾರೀ ತುರಗಗಳನ್ನು ನೋಡದವರು ವಿರಳ. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳುವ ಭಾವ ಇದಕ್ಕೆ ಆಧಾರವಾಗುತ್ತದೆ: ಯೋಗ್ಯವಾದ ಉಪಭೋಗಕ್ಕೆ ಅನಿವಾರ್ಯವಾದ ಅಲ್ಪ ಏಕೇಂದ್ರಿಯ ಘಾತವನ್ನು ಗೃಹಸ್ಥ ಪೂರ್ತಿಯಾಗಿ ಬಿಡಲಾರ, ಆದರೆ ಅದಕ್ಕೆ ಮೀರಿದ ಸ್ಥಾವರ ಜೀವಿಗಳ ಹಿಂಸೆಯಿಂದ ವಿರಮಿಸುವುದೂ ಅವನ ಕರ್ತವ್ಯವೇ. ‘ಸ್ಥಾವರ ಹಿಂಸೆ ಗೃಹಸ್ಥನಿಗೆ ಕ್ಷಮ್ಯ’ ಎಂಬ ಅರ್ಧ ಮಾತನ್ನು ಮಾತ್ರ ನೆನಪಿಟ್ಟುಕೊಂಡು ಉಳಿದರ್ಧವನ್ನು ಮರೆಯುವುದು ನಮ್ಮ ಕಾಲದ ರೂಢಿ.

ಮರವೆಂಬ ತೊಡಕೇ ಬೇಡ, ಕಬ್ಬಿಣದ ಕೊಳವೆ ನಿಲ್ಲಿಸಿ ತಗಡು ಹೊದಿಸಿದರೆ ಆಯಿತೆಂದು ಸಲಹೆ ಕೊಡುವವರಿದ್ದಾರೆ. ಕಬ್ಬಿಣ ಅಚಿತ್ತ, ಅದರಲ್ಲಿ ಜೀವವಿಲ್ಲ ಎಂಬುದು ಅವರ ವಾದ. ಒಣಗಿದ ಮರವೂ ಅಚಿತ್ತವೇ ಅಲ್ಲವೆ? ಕೈಗೆ ಬಂದ ವಸ್ತುವಿನಲ್ಲಿ ಜೀವವಿದೆಯೇ ಎಂಬುದಷ್ಟೇ ಪ್ರಶ್ನೆಯಾದರೆ ಎರಡೂ ಸಮ. ಅದು ಕೈಗೆ ಬರುವ ದಾರಿಯಲ್ಲಿ ಏನಾಯಿತೆಂಬುದು ಪ್ರಶ್ನೆಯಾದರೆ, ಕಬ್ಬಿಣದ ದಾರಿಯನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಳೆಯಾಚೆ ಸಂಡೂರಿನ ಗುಡ್ಡಗಳು ಕರಗಿದ್ದನ್ನು ಕಣ್ಣಾರೆ ಕಂಡವರು ಅವರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ತಡೆಯಬೇಕಾಯಿತು. ಅಲ್ಲಿ ಪೃಥ್ವೀಕಾಯದ ಜೊತೆಗೆ ಗುಡ್ಡದ ಮೇಲಿನ ಕಾಡು, ಕಾಡಿನೊಳಗಿನ ತ್ರಸಜೀವಿಗಳು. ಮುಂದೆ ಕುಲುಮೆಯ ಬೆಂಕಿ. ಬೇವನ್ನು ಕಡಿದರೆ ಬೊಡ್ಡೆ ಹಿತ್ತಲಲ್ಲಿ ಉಳಿದು ದಿನವೂ ಕಾಣುತ್ತದೆ. ಗುಡ್ಡ ಕಡಿದರೆ ಕಾಣುವುದಿಲ್ಲ. ಕಾಣದಿರುವುದನ್ನೇ ಅಹಿಂಸೆಯೆಂದು ಎಣಿಸುವ ಭ್ರಮೆ ಅನೇಕ ಧರ್ಮಭೀರುಗಳಲ್ಲೂ ಇದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಪದಗಳನ್ನು ಆಚಾರ್ಯರು ಇಂಥ ಕಾಣದ ಹಿಂಸೆಯನ್ನು ಕಾಣಿಸುವುದಕ್ಕಾಗಿಯೇ ಇಟ್ಟಿದ್ದಾರೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವಾಧಿಕರಣವನ್ನು 108 ಬಗೆಯಾಗಿ ಎಣಿಸುವ ಕ್ರಮವಿದೆ. ಸಂರಂಭ, ಸಮಾರಂಭ, ಆರಂಭ ಮೂರು. ಮನ, ವಚನ, ಕಾಯ ಮೂರು. ಕೃತ, ಕಾರಿತ, ಅನುಮತ ಮೂರು. ಕ್ರೋಧ, ಮಾನ, ಮಾಯೆ, ಲೋಭ ನಾಲ್ಕು. ಜಪಮಾಲೆಯ ಮಣಿಗಳನ್ನು ಎಣಿಸುವ ಬಹಳ ಮಂದಿಗೆ ಈ ಗುಣಾಕಾರ ಬಾಯಿಗೆ ಬರುತ್ತದೆ. ಅದನ್ನು ಮನೆಯ ಕೆಲಸಕ್ಕೆ ಹಚ್ಚಿ ನೋಡುವವರು ಕಡಿಮೆ. ಹಂದರದ ಮಟ್ಟಿಗೆ, ಚಿತ್ರ ನೋಡಿ ಸಂಕಲ್ಪ ಮಾಡಿದ್ದು ಸಂರಂಭ. ಬಡಿಗೇರರನ್ನು ಕರೆಸಿ, ಮರಕ್ಕೆ ಮುಂಗಡ ಕೊಟ್ಟು, ಗರಗಸ ಕೊಡಲಿಗಳನ್ನು ಒದಗಿಸಿದ್ದು ಸಮಾರಂಭ. ಮೊದಲ ಏಟು ಬಿದ್ದದ್ದು ಆರಂಭ. ಶಾಸ್ತ್ರದ ದೃಷ್ಟಿಯಲ್ಲಿ ಆಸ್ರವದ ಬಾಗಿಲು ಕೊಡಲಿಯ ಏಟಿನಿಂದ ತೆರೆಯುವುದಲ್ಲ. ಚಿತ್ರವನ್ನು ನೋಡಿದಾಗಲೇ ತೆರೆದಿರುತ್ತದೆ. ಅದನ್ನು ತೆರೆದ ಕಷಾಯ ಯಾವುದು? ಅಜ್ಜಿಯ ಮೇಲಿನ ಅಕ್ಕರೆ ಎಂದು ಮಗ ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಆದರೆ ಅಜ್ಜಿ ಇಷ್ಟು ವರ್ಷ ಬೇವಿನ ಕೆಳಗೆ ಕುಳಿತಾಗ ಇಲ್ಲದ ಕೊರತೆ ನೆಂಟರೊಬ್ಬರ ಮನೆಯ ಹಂದರವನ್ನು ನೋಡಿ ಬಂದ ಮೇಲೆ ಹುಟ್ಟಿದ್ದರೆ, ಅಕ್ಕರೆಯ ಪಕ್ಕದಲ್ಲಿ ಮಾನಕಷಾಯವೂ ಕುಳಿತಿರಬಹುದು. ಇದನ್ನು ಹೊರಗಿನವರು ನಿರ್ಣಯಿಸಲಾರರು. ಪ್ರತಿಕ್ರಮಣಕ್ಕೆ ಕುಳಿತವನಿಗೇ ಗೊತ್ತಾಗಬೇಕು.

ಬೇವನ್ನು ಉಳಿಸಿ, ಕಟ್ಟೆಯ ಇನ್ನೊಂದು ಮಗ್ಗುಲಿಗೆ ಚಿಕ್ಕದೊಂದು ಬಳ್ಳಿ ಹಂದರ ಹಾಕುವುದೆಂದು ಮನೆಯವರು ತೀರ್ಮಾನಿಸಿದರೆ ಅಲ್ಲಿಗೆ ವಿಚಾರ ಮುಗಿಯಿತೆ? ಮುಗಿಯುವುದಿಲ್ಲ. ನಿಜವಾದ ತೊಡಕು ಅಲ್ಲಿಂದಲೇ ಮೊದಲಾಗುತ್ತದೆ. ಮರವನ್ನು ಎಲ್ಲಿಂದ ತರಬೇಕು? ಇಂದು ಪೇಟೆಯಲ್ಲಿ ದೊರೆಯುವ ಸಾಗುವಾನಿಯಲ್ಲಿ ಬರ್ಮಾದಿಂದ, ಆಫ್ರಿಕದಿಂದ, ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬಂದದ್ದು ಬಹಳ. ದೇಶವ್ರತದ ಅತಿಚಾರಗಳಲ್ಲಿ ಮೊದಲನೆಯದು ‘ಆನಯನ’, ಎಂದರೆ ಹಾಕಿಕೊಂಡ ಎಲ್ಲೆಯ ಆಚೆಯಿಂದ ವಸ್ತುವನ್ನು ತರಿಸಿಕೊಳ್ಳುವುದು. ತಾನು ಎಲ್ಲೆ ದಾಟಲಿಲ್ಲ, ವಸ್ತು ಮಾತ್ರ ದಾಟಿ ಬಂತು ಎಂಬ ಜಾಣತನವನ್ನು ಸೂತ್ರಕಾರರು ಆಗಲೇ ಊಹಿಸಿದ್ದರು. ಇದಕ್ಕಿಂತ ಹತ್ತಿರದ ದಾರಿ ಒಂದಿದೆ. ಈ ಸೀಮೆಯ ಹಳ್ಳಿಗಳಲ್ಲಿ ಹಳೆಯ ಮಣ್ಣಿನ ಮಾಳಿಗೆ ಮನೆಗಳನ್ನು ಕೆಡವಿ ಸಿಮೆಂಟಿನ ಮನೆ ಕಟ್ಟುತ್ತಿದ್ದಾರೆ. ಅವುಗಳ ಕಂಬ, ಬೋದಿಗೆ, ತೊಲೆ, ಜಂತಿಗಳು ಎರಡು ಮೂರು ತಲೆಮಾರು ಭಾರ ಹೊತ್ತರೂ ಇನ್ನೂ ಗಟ್ಟಿಯಾಗಿರುತ್ತವೆ. ಎಷ್ಟೋ ಕಡೆ ಉರುವಲಿಗೆ ಹೋಗುತ್ತವೆ. ಹಿತ್ತಲ ಹಂದರಕ್ಕೆ ಅದಕ್ಕಿಂತ ಒಳ್ಳೆಯ ಮರ ಬೇಕಿಲ್ಲ.

ಆಚಾರ್ಯ ನೇಮಿಚಂದ್ರರು ಗೊಮ್ಮಟಸಾರದಲ್ಲಿ ಲೇಶ್ಯೆಗಳನ್ನು ವಿವರಿಸಲು ಬಳಸಿದ ದೃಷ್ಟಾಂತವನ್ನು ಶ್ರವಣಬೆಳಗೊಳದ ಮಠದ ಗೋಡೆಯ ಮೇಲೆ ಚಿತ್ರವಾಗಿ ಯಾತ್ರಿಕರೆಲ್ಲ ನೋಡಿದ್ದಾರೆ. ಹಸಿದ ಆರು ಮಂದಿ ಹಣ್ಣಿನ ಮರದ ಬಳಿಗೆ ಬಂದರು. ಒಬ್ಬ ಬುಡಸಹಿತ ಕೀಳಬಯಸಿದ, ಒಬ್ಬ ಕಾಂಡವನ್ನು, ಒಬ್ಬ ದೊಡ್ಡ ಕೊಂಬೆಯನ್ನು, ಒಬ್ಬ ಟೊಂಗೆಯನ್ನು ಕಡಿಯಬಯಸಿದ. ಒಬ್ಬ ಹಣ್ಣನ್ನು ಮಾತ್ರ ಕೀಳಬಯಸಿದ. ಕೊನೆಯವ ನೆಲಕ್ಕೆ ಬಿದ್ದದ್ದನ್ನು ಆಯ್ದುಕೊಂಡ. ಬಿದ್ದ ಮನೆಯ ತೊಲೆ ಆ ಕೊನೆಯವನ ಹಣ್ಣಿನಂಥದು. ದಿಗಂಬರ ಮುನಿಗಳ ಪಿಚ್ಛಿಯೂ ನವಿಲು ತಾನಾಗಿ ಉದುರಿಸಿದ ಗರಿಗಳದ್ದು ಎಂಬುದನ್ನು ಇಲ್ಲಿ ನೆನೆಯಬಹುದು. ಬಿದಿರು ಇದಕ್ಕೆ ಸ್ವಲ್ಪ ಕೆಳಗಿನ ಮೆಟ್ಟಿಲು: ಬಲಿತ ಗಳುಗಳನ್ನು ಆಯ್ದು ಕಡಿದರೆ ಮೆಳೆ ಉಳಿಯುತ್ತದೆ, ಮತ್ತೆ ಚಿಗುರುತ್ತದೆ. 2017ರ ಕಾನೂನಿನ ತಿದ್ದುಪಡಿಯ ಮೇಲೆ, ಕಾಡಿನ ಹೊರಗೆ ಬೆಳೆದ ಬಿದಿರು ಅರಣ್ಯ ಕಾನೂನಿನ ಲೆಕ್ಕದಲ್ಲಿ ಮರವೂ ಅಲ್ಲ.

ಆದರೆ ಹಳೆಯ ತೊಲೆಯಲ್ಲಿ ಹುಳುವಿರುವ ಸಾಧ್ಯತೆಯುಂಟು. ಮೇಲೆ ಸಣ್ಣ ತೂತುಗಳಿದ್ದು, ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಜೀವಿಗಳಿವೆಯೆಂದೇ ತಿಳಿಯಬೇಕು. ಅದರ ಮೇಲೆ ಗರಗಸವಾಡಿಸಿದರೆ ತ್ರಸಜೀವಿಗಳ ಘಾತ. ಪುಣ್ಯದ ಮರವೆಂದು ತಂದದ್ದರಲ್ಲಿ ಹೊಸ ಮರಕ್ಕಿಂತ ಹೆಚ್ಚಿನ ದೋಷ ಒದಗಬಹುದು. ಆದ್ದರಿಂದ ಕೊಳ್ಳುವ ಮೊದಲೇ ಒಂದೊಂದನ್ನೂ ತಿರುಗಿಸಿ, ತಟ್ಟಿ, ನೋಡಿ, ಹುಳುವಿದ್ದುದನ್ನು ಬಿಟ್ಟು ಬರಬೇಕು. ತಂದ ಮರವನ್ನು ಹಿತ್ತಲಲ್ಲಿ ಧೊಪ್ಪನೆ ಕೆಡಹುವುದೂ ಸಲ್ಲದು. ನೋಡದೆ, ಗುಡಿಸದೆ, ಅವಸರದಲ್ಲಿ ವಸ್ತುವನ್ನು ಇಡುವುದನ್ನು ಶಾಸ್ತ್ರವು ನಿಕ್ಷೇಪಾಧಿಕರಣವೆಂದು ಪ್ರತ್ಯೇಕವಾಗಿ ಎಣಿಸಿದೆ. ಕಂಬದ ಕುಣಿಗಳನ್ನು ಮಳೆಗಾಲದಲ್ಲಿ ತೋಡಬಾರದು. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವುದಕ್ಕೆ ಯಾವ ಕಾರಣವೋ ಇದಕ್ಕೂ ಅದೇ ಕಾರಣ. ಬೇಸಿಗೆಯಲ್ಲಿ ತೋಡಿದ ಕುಣಿಯನ್ನೂ ರಾತ್ರಿ ತೆರೆದಿಡದೆ ಹಲಗೆ ಮುಚ್ಚಬೇಕು. ಇಲ್ಲವಾದರೆ ಬೆಳಗಾಗುವುದರೊಳಗೆ ಕಪ್ಪೆ, ಚೇಳು, ಓತಿಕೇತಗಳು ಅದರಲ್ಲಿ ಬಿದ್ದಿರುತ್ತವೆ.

ಎಲ್ಲಕ್ಕಿಂತ ದೊಡ್ಡ ದೋಷ ಬರುವುದು ಯಾರೂ ಎಣಿಸದ ಕಡೆಯಿಂದ. ಮರ ನೆಲಕ್ಕೆ ತಾಗಿದರೆ ಗೆದ್ದಲು ಹಿಡಿಯುತ್ತದೆ. ಕಂಬದ ಬುಡಕ್ಕೆ ಔಷಧಿ ಹೊಯ್ದರೆ ಆಯಿತೆಂದು ಅಂಗಡಿಯವರು ಡಬ್ಬಿಯನ್ನು ಕೈಗಿಡುತ್ತಾರೆ. ಹಿಂದೆ ಆಲ್ಡ್ರಿನ್ ಹೊಯ್ಯುತ್ತಿದ್ದರು. 1996ರಲ್ಲಿ ಅದು ಭಾರತದಲ್ಲಿ ನಿಷೇಧಕ್ಕೊಳಗಾಯಿತು. ಈಗ ಬೇರೆ ಹೆಸರಿನ ವಿಷಗಳು ಬಂದಿವೆ. ‘ಔಷಧಿ’ ಎಂಬ ಮಾತು ಇಲ್ಲಿ ಎಷ್ಟು ಕ್ರೂರವಾಗಿದೆಯೆಂಬುದನ್ನು ಹೇಳುವವರೂ ಕೇಳುವವರೂ ಯೋಚಿಸುವುದಿಲ್ಲ. ಮರ ಏಕೇಂದ್ರಿಯ, ಅದನ್ನು ಕಡಿಯುವವನ ಉದ್ದೇಶ ಕೊಲ್ಲುವುದಲ್ಲ, ಉಪಯೋಗ, ಅದು ಆರಂಭೀ ಹಿಂಸೆ. ಗೆದ್ದಲು, ಇರುವೆಯಂತೆ, ಮೂರು ಇಂದ್ರಿಯಗಳ ತ್ರಸಜೀವಿ. ವಿಷ ಹೊಯ್ಯುವವನ ಉದ್ದೇಶ ಕೊಲ್ಲುವುದೇ. ಗೃಹಸ್ಥನು ಅಣುವ್ರತದಲ್ಲೇ ತ್ಯಜಿಸಬೇಕಾದ ಸಂಕಲ್ಪೀ ಹಿಂಸೆ ಇದು. ಒಂದು ಬೇವಿಗಾಗಿ ವಾರವಿಡೀ ಚರ್ಚಿಸಿದ ಮನೆಯವರು ಐದು ನಿಮಿಷದಲ್ಲಿ ಲೆಕ್ಕವಿಲ್ಲದಷ್ಟು ತ್ರೀಂದ್ರಿಯಗಳನ್ನು ಕೊಂದು ಕೈತೊಳೆದುಕೊಳ್ಳುವ ಸಂಭವವಿದೆ. ಹಂದರದ ಧರ್ಮಸಂಕಟ ಮರದ ತುದಿಯಲ್ಲಿಲ್ಲ, ಕಂಬದ ಬುಡದಲ್ಲಿದೆ.

ಇದಕ್ಕೆ ಪರಿಹಾರವನ್ನು ಹಳೆಯ ಬಡಿಗೇರರು ಬಲ್ಲರು. ಹಳೆಯ ಮನೆಗಳಲ್ಲಿ ಮರದ ಕಂಬ ನೆಲದೊಳಗೆ ಹುಗಿದಿರುವುದಿಲ್ಲ. ಕಲ್ಲಿನ ಪೀಠದ ಮೇಲೆ ನಿಂತಿರುತ್ತದೆ. ಮಣ್ಣಿಗೂ ಮರಕ್ಕೂ ನಡುವೆ ಒಂದು ಅಡಿ ಕಲ್ಲಿದ್ದರೆ ಗೆದ್ದಲು ಮೇಲೇರಲು ಮಣ್ಣಿನ ಕೊಳವೆಯನ್ನು ಕಲ್ಲಿನ ಮೇಲೆ ಕಟ್ಟಲೇಬೇಕು. ಅದು ಕಣ್ಣಿಗೆ ಕಾಣುತ್ತದೆ. ಒಳಗೆ ಗೆದ್ದಲಿಲ್ಲದ ವೇಳೆ ನೋಡಿ ಅದನ್ನು ಮೆಲ್ಲಗೆ ಬಿಡಿಸಿದರೆ, ಅವು ದಾರಿ ಬದಲಿಸುತ್ತವೆ. ಮರಕ್ಕೆ ಅಗಸೆ ಎಣ್ಣೆಯನ್ನು ಸವರಿ ನೀರಿನಿಂದ ಕಾಪಾಡಬಹುದು. ಇದಕ್ಕೆ ವಾರಕ್ಕೊಮ್ಮೆ ಬಗ್ಗಿ ನೋಡುವ ತಾಳ್ಮೆ ಬೇಕು. ವಿಷಕ್ಕೆ ಅದು ಬೇಡ. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣಹರಣದ ಮುಂದೆ ಪ್ರಮತ್ತಯೋಗವೆಂಬ ಪದವನ್ನು ಇಟ್ಟದ್ದು ಏಕೆಂಬುದು ಇಂಥ ಕಡೆ ತಿಳಿಯುತ್ತದೆ.

ದೀಪದ ವಿಷಯವೂ ಇಂಥದೇ. ಹಂದರ ಕಟ್ಟಿದವರು ಅದಕ್ಕೆ ಬಣ್ಣದ ದೀಪಗಳ ಸರ ಕಟ್ಟದೆ ಬಿಡುವುದಿಲ್ಲ. ಭತ್ತದ ಸೀಮೆಯಲ್ಲಿ ಬೆಳೆ ಮಾಗುವ ಕಾಲಕ್ಕೆ ದೀಪ ಹಚ್ಚಿದರೆ ಹಸಿರು ಜಿಗಿಹುಳುಗಳು ಮೋಡದಂತೆ ಮುತ್ತುತ್ತವೆ. ಬೆಳಗ್ಗೆ ಕಟ್ಟೆಯನ್ನು ಗುಡಿಸುವವರಿಗೆ ಅವುಗಳ ರಾಶಿಯೇ ಸಿಗುತ್ತದೆ. ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ಸೂರ್ಯಾಸ್ತದ ಮೇಲೆ ಹಂದರದ ಕೆಳಗೆ ಆಗಬೇಕಾದ ಕೆಲಸವಾದರೂ ಏನು? ಮಾತನಾಡುವುದಕ್ಕೆ ಬೆಳದಿಂಗಳು ಸಾಕು.

ಇಷ್ಟನ್ನು ಮನೆಗಳಿಗೆ ಹೇಳಿ ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ಹೇಳದಿದ್ದರೆ ಪಕ್ಷಪಾತವಾದೀತು. ಯಾತ್ರಿಕರಿಗೆ ನೆರಳು ಮಾಡುತ್ತೇವೆಂದು ಪ್ರಾಂಗಣದ ಹಳೆಯ ಮರಗಳನ್ನು ತೆಗೆಸಿ ತಗಡಿನ ಮಂಟಪ ಹಾಕಿಸುವುದು, ಸುತ್ತ ಸಿಮೆಂಟು ಹಾಸಿ ಬರಿಗಾಲ ಭಕ್ತರು ಮಧ್ಯಾಹ್ನ ಕುಣಿಯುತ್ತ ಓಡುವಂತೆ ಮಾಡುವುದು ಅಪರೂಪವಲ್ಲ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಪಡೆದರೆ ಕಾನೂನಿನ ಋಣ ತೀರಬಹುದು. ತೀರ್ಥಂಕರರ ಅಷ್ಟ ಪ್ರಾತಿಹಾರ್ಯಗಳಲ್ಲಿ ಅಶೋಕವೃಕ್ಷ ಒಂದು. ವೃಷಭನಾಥರಿಗೆ ಕೇವಲಜ್ಞಾನವಾದದ್ದು ಆಲದ ಮರದ ಅಡಿಯಲ್ಲಿ, ಮಹಾವೀರರಿಗೆ ಸಾಲವೃಕ್ಷದ ಅಡಿಯಲ್ಲಿ. ಅದನ್ನು ಒಳಗೆ ಕಲ್ಲಿನಲ್ಲಿ ಕೆತ್ತಿಸಿ ಹೊರಗೆ ಬೇರುಸಹಿತ ಕೀಳಿಸುವ ಮಂಡಳಿಯವರು ಸಭೆಯ ನಡಾವಳಿಯಲ್ಲಿ ಕಾರಣವನ್ನು ಏನೆಂದು ಬರೆಯುತ್ತಾರೋ! ಇದನ್ನೆಲ್ಲ ಅತಿಸೂಕ್ಷ್ಮವೆನ್ನುವವರ ಮಾತಿನಲ್ಲೂ ಸತ್ಯವಿದೆ. ಹಂದರದ ಮರವನ್ನು ತಟ್ಟಿ ನೋಡುವ ಮನೆಯ ಹೆಣ್ಣುಮಕ್ಕಳು ಸಾವಿರಾರು ಗೂಡುಗಳನ್ನು ಕುದಿಸಿ ತೆಗೆದ ರೇಷ್ಮೆಯನ್ನುಟ್ಟು ಬಸದಿಗೆ ಹೋಗುತ್ತಿದ್ದರೆ, ಗಂಡಸರು ಗೆದ್ದಲಿಗೆ ಮರುಗಿ ಕೂಲಿಯವರ ದಿನಗೂಲಿಯಲ್ಲಿ ಚೌಕಾಸಿ ಮಾಡುತ್ತಿದ್ದರೆ, ಸೂಕ್ಷ್ಮತೆ ಒಂದು ಕಡೆಗೆ ಮಾತ್ರ ಹರಿದಿದೆ ಎಂದಾಯಿತು. ಅದಕ್ಕೆ ಉತ್ತರ ರೇಷ್ಮೆಯನ್ನು ಬಿಡುವುದು, ಕೂಲಿಯನ್ನು ಸರಿಯಾಗಿ ಕೊಡುವುದು. ಗೆದ್ದಲಿಗೆ ವಿಷ ಹೊಯ್ಯುವುದಲ್ಲ.

ಕೊನೆಗೆ ಹಂದರ ನಿಂತಿತೆಂದಿಟ್ಟುಕೊಳ್ಳೋಣ. ಬೇವು ತನ್ನ ಜಾಗದಲ್ಲಿದೆ. ಅದರ ಮಗ್ಗುಲಿಗೆ ಕಲ್ಲಿನ ಪೀಠಗಳ ಮೇಲೆ ಯಾರದೋ ಹಳೆಯ ಮನೆಯ ಜಂತಿಗಳು. ತೊಂಡೆಯ ಬಳ್ಳಿ ಇನ್ನೂ ಮೊಣಕಾಲೆತ್ತರ. ಕೆಲಸಕ್ಕೆಂದು ಕೊಂಡ ಕೊಡಲಿ ಗೋಡೆಗೆ ಒರಗಿದೆ. ಅನರ್ಥದಂಡಗಳಲ್ಲಿ ಹಿಂಸಾದಾನವೆಂಬುದೂ ಒಂದು. ಕೊಡಲಿ, ಗುದ್ದಲಿ, ಬೆಂಕಿ, ಆಯುಧ ಮುಂತಾದವನ್ನು ಪರರಿಗೆ ಕೊಡುವುದು ಅದರ ಲಕ್ಷಣ, ಪಟ್ಟಿಯಲ್ಲಿ ಕೊಡಲಿಯದೇ ಮೊದಲ ಹೆಸರು. ನೆರೆಮನೆಯವರು ಬಂದು ಒಂದು ದಿನದ ಮಟ್ಟಿಗೆ ಕೊಡಲಿಯನ್ನು ಕೇಳುತ್ತಾರೆ. ಇಲ್ಲವೆಂದರೆ ನೆರೆಹೊರೆಯ ಸೌಹಾರ್ದ ಕೆಡುತ್ತದೆ, ಸುಳ್ಳೂ ಆಗುತ್ತದೆ. ಕಟ್ಟೆಯ ಮೇಲೆ ಸಾಮಾಯಿಕ ಮುಗಿಸಿ ಕುಳಿತಿದ್ದ ಅಜ್ಜಿ ಅವರನ್ನು ಕರೆದು ಕೂಡ್ರಿಸಿ, ನೀರು ಕೊಟ್ಟು ಕೇಳುತ್ತಾಳೆ: “ಯಾವ ಗಿಡಕ್ಕಪ್ಪಾ?”